ನೀಲವ್ವನ ಕೊರಳಪಟ್ಟಿ

ಒಂದು ತುತ್ತು ನುಂಗುವುದು ಎಷ್ಟು ದೊಡ್ಡ ಕೆಲಸ ಎಂಬುದು ನುಂಗಲು ಬರುವವರಿಗೆ ತಿಳಿಯುವುದಿಲ್ಲ. ತುತ್ತು ಬಾಯಿಗೆ ಬರುವ ಮೊದಲೇ ಮೈ ಅದಕ್ಕೆ ಸಜ್ಜಾಗುತ್ತದೆ. ಬಾಯಲ್ಲಿ ನೀರೂರುತ್ತದೆ, ನಾಲಿಗೆ ಸರಿದು ಜಾಗ ಮಾಡಿಕೊಡುತ್ತದೆ, ಗಂಟಲಿನ ಸ್ನಾಯುಗಳು ಯಾರಿಗೂ ಕಾಣದ ಹಾಗೆ ಒಮ್ಮೆ ಬಿಗಿದು ಸಡಿಲಾಗುತ್ತವೆ. ನೆಂಟರು ಬರುವ ಸುದ್ದಿ ಸಿಕ್ಕ ಕೂಡಲೇ ಮನೆಯವರು ಪಡಸಾಲೆ ಗುಡಿಸಿ ಚಾಪೆ ಹಾಸುವುದಿಲ್ಲವೇ, ಹಾಗೆ. ಈ ಸಿದ್ಧತೆ ಇಲ್ಲದ ಗಂಟಲಿಗೆ ತುತ್ತು ಬಿದ್ದರೆ ಅದು ಅನ್ನದ ದಾರಿ ಬಿಟ್ಟು ಉಸಿರಿನ ದಾರಿ ಹಿಡಿಯುತ್ತದೆ. ಲಕ್ವ ಹೊಡೆದು ಮಲಗಿದವರಲ್ಲಿ ಎಷ್ಟೋ ಜನರನ್ನು ಲಕ್ವ ಕೊಲ್ಲುವುದಿಲ್ಲ, ಪ್ರೀತಿಯಿಂದ ಉಣಿಸಿದ ತುತ್ತೇ ಎದೆಯೊಳಗೆ ಕೀವಾಗಿ ಕೊಲ್ಲುತ್ತದೆ.

ಕೊರಳಪಟ್ಟಿ ಹುಟ್ಟಿದ್ದು ಅದಕ್ಕಾಗಿ. ಎರಡು ಬೆರಳಗಲದ ಮೆತ್ತನೆಯ ಪಟ್ಟಿ. ಕೊರಳಿಗೆ ಸುತ್ತಿದರೆ ಗಂಟಲಿನ ಆ ಕಾಣದ ಬಿಗಿತವನ್ನೂ ಬಾಯೊಳಗೆ ಊರುವ ನೀರನ್ನೂ ಅದು ಗುರುತಿಸುತ್ತದೆ. ಅದರ ಜೊತೆಗೊಂದು ಚಮಚ. ಚಮಚ ತುಟಿಯ ಹತ್ತಿರ ಬಂದಾಗ ಪಟ್ಟಿಯ ಮೇಲಿನ ಸಣ್ಣ ದೀಪ ಹೊತ್ತುತ್ತದೆ. ಹಳದಿಯಾದರೆ ಕಾಯಬೇಕು. ಹಸಿರಾದರೆ ಉಣಿಸಬಹುದು. ಪಟ್ಟಿ ಬಂದ ಮೇಲೆ ಆಸ್ಪತ್ರೆಗಳು ಬಹುದಿನದ ರೋಗಿಗಳನ್ನು ಇಟ್ಟುಕೊಳ್ಳುವುದನ್ನೇ ಬಿಟ್ಟವು. ಮನೆಯ ಮಂಚವೇ ವಾರ್ಡಾಯಿತು. ತಾನೇ ಉಬ್ಬಿ ಇಳಿದು ರೋಗಿಯ ಮಗ್ಗುಲು ಬದಲಿಸುವ ಗಾಳಿಹಾಸಿಗೆ, ಮೈತೂಕ ಹೇಳುವ ಮಂಚ, ಮಾತಾಡಲು ಗೋಡೆಗೊಂದು ಸ್ಪೀಕರ್. ದೂರದ ಕಂಟ್ರೋಲ್ ರೂಮಿನಲ್ಲಿ ನರ್ಸುಗಳು ಕೂತು ಊರಿನ ಮಂಚಗಳನ್ನೆಲ್ಲ ನೋಡಿಕೊಳ್ಳುತ್ತಾರೆ. ಇದಕ್ಕೆ 'ಮನೆ ವಾರ್ಡ್' ಎಂದು ಹೆಸರು.

ಹುಬ್ಬಳ್ಳಿಯ ಮನೆ ವಾರ್ಡಿನಲ್ಲಿ ಕಸ್ತೂರಿ ಅಂಥ ಒಬ್ಬ ನರ್ಸು. ರೇಲ್ವೆ ವರ್ಕ್‌ಶಾಪಿನ ಹಿಂದಿನ ಓಣಿಯಲ್ಲಿದ್ದ ಅವಳ ಮನೆಯಲ್ಲೂ ಅಂಥ ಒಂದು ಮಂಚವಿತ್ತು. ಅದರ ಮೇಲೆ ಅವಳ ಅತ್ತೆ ನೀಲವ್ವ.

ಆ ಸೋಮವಾರ ಡ್ಯೂಟಿ ಮುಗಿಸಿ ಕಸ್ತೂರಿ ಮನೆಗೆ ಬಂದಾಗ ಹೊತ್ತು ಇಳಿಯುತ್ತಿತ್ತು. ಚಪ್ಪಲಿ ಬಿಟ್ಟವಳೇ ಕೈ ತೊಳೆದು, ಬೆಳಿಗ್ಗೆ ಬೇಯಿಸಿಟ್ಟಿದ್ದ ಜೋಳದ ನುಚ್ಚಿಗೆ ಬೇಳೆಕಟ್ಟು, ತುಪ್ಪ, ಪ್ರೋಟೀನ್ ಪುಡಿ ಹಾಕಿ ಮಿಕ್ಸಿಯಲ್ಲಿ ನುಣ್ಣಗೆ ತಿರುವಿದಳು. ಹೊಟ್ಟೆ ತಾಳ ಹಾಕುತ್ತಿತ್ತು. ಆದರೆ ರೋಗಿ ಮೊದಲು, ಆಮೇಲೆ ನಾವು ಎಂದು ನರ್ಸಿಂಗ್ ಕಲಿಯುವಾಗ ಕೈಹಿಡಿದು ಕಲಿಸಿದ್ದರು. ಆ ಪಾಠ ಅವಳಿಗೆ ಚರ್ಮದ ಹಾಗೆ ಅಂಟಿಕೊಂಡಿತ್ತು. ಮಂಚದ ತಲೆಭಾಗ ಎತ್ತಿ, ಅತ್ತೆಯ ಬೆನ್ನಿಗೆ ದಿಂಬು ಕೊಟ್ಟು, ಗದ್ದ ತುಸು ಕೆಳಗೆ ಬಾಗುವ ಹಾಗೆ ಕೂರಿಸಿದಳು. ಚಮಚ ತುಟಿಯ ಹತ್ತಿರ ಒಯ್ದಳು.

"ಅತ್ತೀ, ನುಚ್ಚು ತಂದೇನಿ ನೋಡ್ರಿ. ನಿಮಗ ಸೇರ್ತೈತಲ್ಲ."

ದೀಪ ಹಳದಿ.

"ಬಂತ್, ಬಂತ್," ಎಂದಳು ನೀಲವ್ವ. ಲಕ್ವ ಆಕೆಯ ಬಲಗೈ, ಬಲಗಾಲಿನ ಜೊತೆಗೆ ಮಾತನ್ನೂ ಒಯ್ದಿತ್ತು. ಉಳಿದದ್ದು ಇದೊಂದೇ ಮಾತು. ವರ್ಕ್‌ಶಾಪಿನವರಿಗಾಗಿ ಖಾನಾವಳಿ ನಡೆಸುತ್ತಿದ್ದ ಕಾಲದಲ್ಲಿ ಒಳಗಿನಿಂದ ರೊಟ್ಟಿ ತರುತ್ತ ಇದೇ ಮಾತನ್ನು ಕೂಗುತ್ತಿದ್ದಳು. ಈಗ ನೀರಡಿಸಿದರೂ ಅದೇ, ನೊಂದರೂ ಅದೇ, ಸಿಟ್ಟು ಬಂದರೂ ಅದೇ. ಎಡಗೈ ಎತ್ತಿ ಆಕೆ ಚಮಚವನ್ನು ನೂಕಿದಳು. ಕಸ್ತೂರಿ ಕೈ ಬಿಗಿಹಿಡಿದು ಮತ್ತೆ ಒಡ್ಡಿದಳು. ಮತ್ತೆ ಹಳದಿ, ಮತ್ತೆ ನೂಕು. ನುಚ್ಚು ತಣ್ಣಗಾಗಿ ಮೇಲೆ ಕೆನೆ ಕಟ್ಟಿತು.

ಆಸ್ಪತ್ರೆಯಲ್ಲಿ ಹೀಗಿರಲಿಲ್ಲ ಎಂಬುದೇ ಕಸ್ತೂರಿಗೆ ಅರ್ಥವಾಗದ ಸಂಗತಿ. ಅಲ್ಲಿ ನೀಲವ್ವ ಇದೇ ಪಟ್ಟಿ ಕಟ್ಟಿಕೊಂಡು, ಇದೇ ಕಸ್ತೂರಿಯ ಕೈಯಿಂದ ಬಟ್ಟಲು ಖಾಲಿ ಮಾಡುತ್ತಿದ್ದಳು. ಮನೆಗೆ ಬಂದದ್ದೇ ದೀಪ ಹಳದಿಗೆ ಕಚ್ಚಿಕೊಂಡಿತು. ಎಂದೋ ಒಮ್ಮೆ ನಾಲ್ಕು ಚಮಚ ಹೋದರೆ ಅದೇ ಹಬ್ಬ. ಮೂಗಿನಿಂದ ನಳಿಗೆ ಇಳಿಸಿದರೆ ನಳಿಗೆ ಇದ್ದಷ್ಟು ಹೊತ್ತು ಗಂಜಿ ಹೋಗುತ್ತಿತ್ತು, ಆಮೇಲೆ ಎಡಗೈ ಅದನ್ನು ಕಿತ್ತೆಸೆಯುತ್ತಿತ್ತು. ಮಂಚ ಹೇಳುವ ತೂಕ ವಾರವಾರವೂ ಇಳಿಯಿತು. ಮೈಯಲ್ಲಿ ಮಾಂಸವಿಲ್ಲದಿದ್ದರೆ ಎಷ್ಟು ಒಳ್ಳೆಯ ಗಾಳಿಹಾಸಿಗೆಯೂ ಒರಟೇ. ಅತ್ತೆಯ ಮಗ್ಗುಲು ಬದಲಿಸಿ ಒರೆಸುವಾಗ ಸೊಂಟದೆಲುಬಿನ ಮೇಲೆ ಒಂದು ಕೆಂಪು ಮಚ್ಚೆ ಕಂಡಿತು. ಬೆರಳಿನಿಂದ ಒತ್ತಿದಳು. ಕೆಂಪು ಹೋಗಲಿಲ್ಲ. ಹಾಸಿಗೆ ಹುಣ್ಣಿನ ಮೊದಲ ಮೆಟ್ಟಿಲು ಅದು.

* * *

ಮರುದಿನ ಕಂಟ್ರೋಲ್ ರೂಮಿನಲ್ಲಿ ಕಸ್ತೂರಿ ತನ್ನ ಪರದೆಯ ಮುಂದೆ ಕೂತು ಬೇರೆಯವರ ಮನೆಗಳನ್ನು ನೋಡುತ್ತಿದ್ದಳು. ಕೇಶ್ವಾಪುರದ ಒಬ್ಬ ಅಜ್ಜನ ಹಿಮ್ಮಡಿ ಹಾಸಿಗೆಗೆ ತಾಗುತ್ತಿತ್ತು. ಕಾಲ ಕೆಳಗೆ ದಿಂಬು ಕೊಡಲು ಸ್ಪೀಕರಿನಲ್ಲಿ ಅವರ ಮಗಳಿಗೆ ಹೇಳಿದಳು. ತನ್ನವರ ಮಂಚವನ್ನು ತಾನೇ ನೋಡಬಾರದೆಂಬುದು ಅಲ್ಲಿನ ನಿಯಮ. ಹಾಗಾಗಿ ನೀಲವ್ವನ ಮಂಚ ಪಕ್ಕದ ಮೇಜಿನ ಲೀನಾಳದು. ಲೀನಾ ಡಿಸೋಜಾ ಮಂಗಳೂರಿನವಳು. ಹುಬ್ಬಳ್ಳಿಗೆ ಬಂದು ವರ್ಷಗಳಾಗಿದ್ದರೂ ಖಾರದ ಚಟ್ನಿಯನ್ನೂ ಇಲ್ಲಿನ ಬಿಸಿಲನ್ನೂ ಬೈಯುವುದನ್ನು ಬಿಟ್ಟಿರಲಿಲ್ಲ.

ಡಾಕ್ಟರ್ ಹಂಪಿಹೊಳಿ ಬಂದು ಇಬ್ಬರ ನಡುವೆ ನಿಂತರು. ದೊಡ್ಡ ಮೈ, ಸಣ್ಣ ದನಿ.

"ಸಿಸ್ಟರ್, ನೀವು ಸೊಸಿ ಅಂತ ಹೇಳಲೋ, ನರ್ಸ್ ಅಂತ ಹೇಳಲೋ?"

"ಎರಡಕ್ಕೂ ಒಂದ ಸಲ ಹೇಳ್ರಿ ಸರ್."

"ಹೊಟ್ಟಿಗೆ ನಳಿಗಿ ಹಾಕೂಣು. ಗುರುವಾರ ನಾನ ಬರ್ತೀನಿ, ಒಮ್ಮೆ ನೋಡಿ ಕರಕೊಂಡು ಹೋಗೂಣು. ಇನ್ನ ತಡ ಮಾಡಿದ್ರ ಹುಣ್ಣು ಬಿಡಂಗಿಲ್ಲ."

ಕಸ್ತೂರಿ ತಲೆಯಾಡಿಸಿದಳು. ಹೊಟ್ಟೆಗೆ ತೂತು ಮಾಡಿ ನೇರ ಗಂಜಿ ಇಳಿಸುವ ನಳಿಗೆ ಕೆಟ್ಟದ್ದೆಂದು ಅವಳು ಹೇಳುವಂತಿರಲಿಲ್ಲ. ಅದರಿಂದ ಬದುಕಿದವರನ್ನು ಅವಳೇ ನೋಡಿಕೊಂಡಿದ್ದಳು. ಗಂಟಲು ಸತ್ತವರಿಗೆ ಅದು ತಾಯಿ ಇದ್ದ ಹಾಗೆ. ಆದರೆ ಅತ್ತೆಯ ಗಂಟಲು ಸತ್ತಿಲ್ಲ. ಆಸ್ಪತ್ರೆಯಲ್ಲಿ ಗುಳುಕ್ ಗುಳುಕ್ ಎಂದು ನುಂಗಿದ್ದನ್ನು ಕಿವಿಯಾರೆ ಕೇಳಿದ್ದಳು.

"ಪಟ್ಟಿ?" ಎಂದು ಕೇಳಿದಳು.

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ನಿಮಗ ಗೊತ್ತೈತಲ್ಲವಾ. ನಳಿಗಿ ಹಾಕಿದ ಮ್ಯಾಲ ಪಟ್ಟಿ ವಾಪಸ್ ತಗೋಬೇಕು. ಪಟ್ಟಿ ಸಿಗದ ಕಾಯಾಕತ್ತವರು ಭಾಳ ಮಂದಿ ಅದಾರ."

ಪಟ್ಟಿ ಹೋದರೆ ಬಾಯಿಗೆ ಏನೂ ಕೊಡುವ ಹಾಗಿಲ್ಲ. ಬಳಸದ ಗಂಟಲು ಬಳಸದ ಬಾವಿಯ ಹಾಗೆ ಕೆಲವೇ ತಿಂಗಳಲ್ಲಿ ಹೂಳು ತುಂಬಿಕೊಳ್ಳುತ್ತದೆ. ಊರಿಗೆಲ್ಲ ಉಣಿಸಿದ ಹೆಂಗಸಿನ ನಾಲಿಗೆಯ ಮೇಲೆ ಇನ್ನು ಒಂದು ಹನಿ ಮಜ್ಜಿಗೆಯೂ ಇಳಿಯುವುದಿಲ್ಲ. ಗುರುವಾರ ಎಂದರೆ ನಾಡಿದ್ದು.

ಡಾಕ್ಟರು ಹೋದ ಮೇಲೆ ಲೀನಾ ಕುರ್ಚಿ ಸರಿಸಿಕೊಂಡು ಬಂದಳು. "ನೀನು ಮೋರೆ ಹಾಗೆ ಮಾಡ್ಬೇಡ ಮಾರಾಯ್ತಿ. ನಾನು ರೀಡಿಂಗ್ ಎಲ್ಲ ಒಮ್ಮೆ ಸರಿಯಾಗಿ ನೋಡ್ತೇನೆ. ಮೆಷಿನ್ ಬಿಸಾಡಿದ್ದನ್ನೂ ನೋಡ್ತೇನೆ."

* * *

ಕಸ್ತೂರಿಯ ಗಂಡ ಈರಣ್ಣ ರೈಲು ಓಡಿಸುವವನು. ಅವತ್ತು ಸಂಜೆ ಮನೆಯಲ್ಲಿದ್ದ. ಗುರುವಾರದ ಸುದ್ದಿ ಕೇಳಿ ಅವ್ವನ ಕಾಲ ಹತ್ತಿರ ಕೂತ. ಲಕ್ವ ಹೊಡೆದಂದಿನಿಂದ ಅವನು ಅವ್ವನಿಗೆ ಒಂದು ಚಮಚವನ್ನೂ ಉಣಿಸಿರಲಿಲ್ಲ. ಸಾವಿರಾರು ಜನರನ್ನು ಹೊತ್ತ ಗಾಡಿಯನ್ನು ಹಿಡಿತದಲ್ಲಿಡುವ ಆ ಕೈ ಅವ್ವನ ಬಾಯಿಯ ಹತ್ತಿರ ನಡುಗುತ್ತಿತ್ತು.

"ಕಸ್ತೂರಿ, ಒಂದ ಮಾತ ಹೇಳ್ತೀನಿ, ಸಿಟ್ಟ ಆಗಬ್ಯಾಡ," ಎಂದ, ಅಡುಗೆ ಮನೆಗೆ ಬಂದು. "ನಮ್ಮ ಮುತ್ಯಾನ ಅಕ್ಕ ಒಬ್ಬಾಕಿ ಇದ್ಲು. ವಯಸ್ಸಾತು, ಸಾಕು ಅನಿಸ್ತು. ಒಂದಿನ ಅನ್ನ ಬಿಟ್ಲು. ಯಾರ ಏನ್ ಹೇಳಿದ್ರೂ ತಟ್ಟಿ ದೂಡಿದ್ಲು. ಅವ್ವನೂ ಹಂಗ ಅನ್ನ ಬಿಟ್ಟಾಳ. ಅಕಿಗೆ ಬದುಕ ಸಾಕಾಗೇತಿ. ನಾವು ನಳಿಗಿ ಹಾಕಿ, ಗಿಳಿಗಿ ಹಾಕಿ ಯಾಕ ಅಕಿನ್ನ ಹಿಡದು ಇಡಬೇಕು?"

"ಬದುಕ ಸಾಕಾದಾಕಿ ದವಾಖಾನ್ಯಾಗ ಬಟ್ಟಲಾ ನೆಕ್ಕಿ ಉಣ್ತಿದ್ಲೇನ್ರಿ?"

"ಮತ್ತ ಮನಿಯಾಗ ಯಾಕ ಒಲ್ಲೆ ಅಂತಾಳ?"

ಕಸ್ತೂರಿ ಇನ್ನೊಂದು ಹಿಟ್ಟಿನ ಉಂಡೆ ಎತ್ತಿಕೊಂಡಳು. ಉತ್ತರ ಎಂದು ಅವಳ ಮನಸ್ಸಿನಲ್ಲಿ ಇದ್ದದ್ದು ಒಂದು ಹೆದರಿಕೆ ಮಾತ್ರ. ಆಸ್ಪತ್ರೆಯಲ್ಲಿದ್ದಾಗ ತಾನು ರಜೆ ಹಾಕಿ ಕೂತ ಸೊಸೆ. ಇಲ್ಲಿ ಬಿಳಿ ಅಂಗಿ ಕಳಚಿದ ಮರುಗಳಿಗೆಗೆ ಚಮಚ ಹಿಡಿದು ನಿಲ್ಲುವ, ಗಡಿಯಾರ ನೋಡುವ, ಬೆವರು ಒರೆಸಿಕೊಳ್ಳುವ ಸೊಸೆ. ಸೊಸೆಗೆ ಭಾರವಾಗಿದ್ದೇನೆಂದು ಅತ್ತೆಗೆ ಅನಿಸಿರಬಹುದೇ? ಆಕೆ ನೂಕುತ್ತಿರುವುದು ಅನ್ನವನ್ನೋ, ಅನ್ನ ಹಿಡಿದ ಈ ಕೈಯನ್ನೋ? ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಮೇಲೆ ಕೈ ಹಾಗೇ ಇಟ್ಟು ನಿಂತುಬಿಟ್ಟಳು. ಹಂಚಿನ ಮೇಲಿನ ರೊಟ್ಟಿ ಕರಿದಾಯಿತು.

* * *

ಬುಧವಾರ ಡ್ಯೂಟಿಗೆ ಹೋದ ಕೂಡಲೇ ಲೀನಾ ಅವಳ ತೋಳು ಹಿಡಿದು ತನ್ನ ಪರದೆಯ ಮುಂದೆ ನಿಲ್ಲಿಸಿದಳು.

"ಇಲ್ಲಿ ನೋಡು. ಇದು ಹಸಿರು. ಇದೂ ಹಸಿರು. ಇಲ್ಲೊಂದು ಉಂಟು."

ಪರದೆಯ ಮೇಲೆ ಅತ್ತೆಯ ಗಂಟಲಿನ ಗೆರೆ ತಣ್ಣಗೆ ಹರಿಯುತ್ತಿತ್ತು. ಅಲ್ಲಲ್ಲಿ ಎದ್ದು ನಿಂತಿತ್ತು. ಗಂಟಲು ಬಿಗಿದು ಸಡಿಲಾಗಿದೆ, ಬಾಯಲ್ಲಿ ನೀರೂರಿದೆ. ಹಸಿದ ಮನುಷ್ಯನ ಗಂಟಲು ಹೇಗಿರಬೇಕೋ ಹಾಗೇ ಇದೆ.

"ಮತ್ತ ದೀಪ ಯಾಕ ಹತ್ತಲಿಲ್ಲ?"

"ಚಮಚ ಹತ್ತಿರ ಇರ್ಲಿಲ್ಲ ಅಲ್ವಾ? ಚಮಚ ಇಲ್ಲದಾಗ ಬಂದದ್ದನ್ನೆಲ್ಲ ಮೆಷಿನ್ ಆಕಳಿಕೆ, ಕೆಮ್ಮು ಅಂತ ಬಿಸಾಡ್ತದೆ. ಈಗ ಹೇಳು, ಮೊನ್ನೆ ಆದಿತ್ಯವಾರ ಮಧ್ಯಾಹ್ನ ಈ ಹೊತ್ತಿಗೆ ನೀನು ಎಂತ ಮಾಡ್ತಾ ಇದ್ದಿ?"

ಕಸ್ತೂರಿ ನೆನಪು ಮಾಡಿಕೊಂಡಳು. ಭಾನುವಾರ ಗಂಡನೂ ಮನೆಯಲ್ಲಿದ್ದ. ಅತ್ತೆಗೆ ಉಣಿಸಲು ಹೋಗಿ ಸೋತು, ಆಮೇಲೆ... "ಭಾಂಡಿ ತಿಕ್ಕಾಕತ್ತಿದ್ದೆ."

"ಅದರ ಹಿಂದಿನ ವಾರ ಇದು?"

"ಆವಾಗೂ ಭಾಂಡಿನ ಇರಬೇಕು. ಉಣಿಸೂದು ಮುಗದ ಮ್ಯಾಲ ನಂದು ಬ್ಯಾರೆ ಏನ್ ಕೆಲಸಾ?"

"ಪಾತ್ರೆ ಶಬ್ದ!" ಲೀನಾ ಮೇಜು ಗುದ್ದಿದಳು. "ಖಾನಾವಳಿ ನಡೆಸಿದವರು ಅಲ್ವಾ? ಪಾತ್ರೆ ಶಬ್ದ ಕೇಳಿದ್ರೆ ಅವರ ಗಂಟಲಿಗೆ ಊಟದ ನೆನಪಾಗ್ತದೆ. ಆಸ್ಪತ್ರೆಯಲ್ಲಿ ಟ್ರಾಲಿ ಬರುವಾಗ ಎಷ್ಟು ತಟ್ಟೆ ಬಡೀತದೆ! ಮನೆಯಲ್ಲಿ ನೀನು ಬೆಕ್ಕಿನ ಹಾಗೆ ಶಬ್ದ ಇಲ್ಲದೆ ಉಣಿಸ್ತಿ. ಇವತ್ತು ಬಡಿದು ನೋಡು. ಡ್ಯೂಟಿ ಮುಗಿದ್ರೂ ನಾನು ಇಲ್ಲೇ ಕೂತು ಕೇಳ್ತೇನೆ."

ಕಸ್ತೂರಿಗೆ ಎದೆಯೊಳಗೆ ಒಂದು ಕಿಟಕಿ ತೆರೆದ ಹಾಗಾಯಿತು. ಕ್ಯಾಂಟೀನಿಗೂ ಹೋಗದೆ, ಡ್ಯೂಟಿ ಮುಗಿದ ಕೂಡಲೇ ಮನೆಗೆ ಓಡಿದಳು.

* * *

ಆ ಸಂಜೆ ಅವರ ಓಣಿಯವರಿಗೆ ನೀಲವ್ವನ ಸೊಸೆಗೆ ಏನೋ ಆಗಿದೆ ಅನಿಸಿರಬೇಕು. ಕಸ್ತೂರಿ ತಟ್ಟೆಗೆ ತಟ್ಟೆ ಬಡಿದಳು. ಲೋಟಗಳನ್ನು ಬುಟ್ಟಿಗೆ ಸುರಿದಳು. ಮಂಚದ ಪಕ್ಕದಲ್ಲೇ ಕೂತು ಬೋಗುಣಿ ತಿಕ್ಕಿದಳು. ನಡುನಡುವೆ ಕೈ ಒರೆಸಿಕೊಂಡು ಚಮಚ ಎತ್ತಿ ಅತ್ತೆಯ ತುಟಿಗೆ ಒಡ್ಡಿದಳು.

"ಹಳದಿ," ಎಂದಿತು ಗೋಡೆಯ ಸ್ಪೀಕರ್, ಲೀನಾಳ ದನಿಯಲ್ಲಿ. "ಇನ್ನೂ ಜೋರು ಬಡಿ. ಮಂಗಳೂರಿಗೆ ಕೇಳ್ಬೇಕು."

ಬಡಿದಳು. ಹಳದಿ. ನೀಲವ್ವ ಹುಬ್ಬು ಗಂಟಿಕ್ಕಿ ಸೊಸೆಯನ್ನೇ ನೋಡುತ್ತಿದ್ದಳು. ತೊಳೆದ ತಟ್ಟೆಯನ್ನೇ ಮತ್ತೆ ಮತ್ತೆ ತೊಳೆಯುವ ಹೆಂಗಸನ್ನು ಆಕೆ ಜನ್ಮದಲ್ಲಿ ಕಂಡಿರಲಿಲ್ಲ.

ಕೊನೆಗೆ ಕಸ್ತೂರಿ ಬಟ್ಟಲು ಹಿಡಿದು ಮಂಚದ ಅಂಚಿನಲ್ಲಿ ಕೂತಳು. ಬೆಳಿಗ್ಗೆ ಒಂದು ಕಪ್ ಚಹಾ ಕುಡಿದದ್ದು ಬಿಟ್ಟರೆ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಕಣ್ಣಿಗೆ ಕತ್ತಲೆ ಬರುತ್ತಿತ್ತು. "ಅತ್ತೀ, ನಾಳಿಗೆ ಪಟ್ಟಿ ಒಯ್ತಾರ್ರಿ," ಎಂದಳು. "ಒಂದ ತುತ್ತು ತಗೋರಿ. ನನ್ನ ಕೈಲೆ ಒಲ್ಲೆ ಅಂದ್ರ ನಿಮ್ಮ ಮಗನ ಕೈಲೆ ಕೊಡಸ್ತೀನಿ. ಆದ್ರ ತಗೋರಿ." ಚಮಚ ಎತ್ತಿದಳು.

ನೀಲವ್ವನ ಎಡಗೈ ಎದ್ದು ಬಂತು. ದಿನವೂ ಕಸ್ತೂರಿ ಆ ನೂಕಿಗೆ ಕೈ ಬಿಗಿಹಿಡಿಯುತ್ತಿದ್ದಳು. ಇವತ್ತು ಬಿಗಿಹಿಡಿಯಲು ತ್ರಾಣವಿರಲಿಲ್ಲ. ಅತ್ತೆಯ ಕೈ ಹೇಳಿದ ಕಡೆಗೆ ಅವಳ ಕೈ ಹೋಯಿತು. ಅದು ನೆಲದ ಕಡೆಗೆ ಹೋಗಲಿಲ್ಲ, ಗೋಡೆಯ ಕಡೆಗೂ ಹೋಗಲಿಲ್ಲ. ನೆಟ್ಟಗೆ ಬಂದು, ಚಮಚ ಕಸ್ತೂರಿಯ ತುಟಿಗೇ ತಾಗಿತು.

"ಬಂತ್, ಬಂತ್," ಎಂದಳು ನೀಲವ್ವ, ಬಲು ಮೆಲ್ಲಗೆ.

ಕಸ್ತೂರಿಯ ಬಾಯಲ್ಲಿ ನುಚ್ಚಿನ ರುಚಿ ಹರಡಿತು. ಮದುವೆಯಾಗಿ ಬಂದ ಹೊಸತರಲ್ಲಿ, ಖಾನಾವಳಿಯ ಒಲೆ ಆರಿದ ಮೇಲೂ ಅತ್ತೆ ಉಣ್ಣದೆ ಓಡಾಡುವುದನ್ನು ಕಂಡು ತಾನೂ ಉಣ್ಣದೆ ಕಾದು ಕೂತಿದ್ದಳು. ಹಿರಿಯರಿಗಿಂತ ಮೊದಲು ಉಣ್ಣಬಾರದು ಎಂದು ತವರಿನಲ್ಲಿ ಹೇಳಿ ಕಳಿಸಿದ್ದರು. ಅತ್ತೆ ಸೊಂಟಕ್ಕೆ ಕೈ ಕೊಟ್ಟು ನಿಂತು ನಕ್ಕಿದ್ದಳು. "ಯವ್ವಾ, ನೀ ಕುಂತ್ರ ನಾನೂ ಕುಂದ್ರಬೇಕಾಗ್ತೈತಿ. ಹಸದ ಮಾರಿ ಕಣ್ಣ ಮುಂದ ಇದ್ರ ಬಡಸೂ ಹೆಂಗಸಿನ ಗಂಟಲದಾಗ ತುತ್ತ ಇಳಿಯೂದಿಲ್ಲ. ಏಳ, ಉಣ್ಣ ಮೊದಲ." ಅದು ಬರೀ ಮಾತು ಎಂದು ಕಸ್ತೂರಿ ತಿಳಿದಿದ್ದಳು. ಒಂದು ಜನ್ಮವೆಲ್ಲ ನಡೆಸಿದ ಮಾತು ಗಂಟಲಿನ ಸ್ನಾಯುವಾಗಿ ಕೂತಿರುತ್ತದೆ ಎಂದು ಯಾರು ತಿಳಿದಿದ್ದರು!

ಆಸ್ಪತ್ರೆಯಲ್ಲಿ ಕ್ಯಾಂಟೀನಿನ ಊಟ ಮುಗಿದ ಮೇಲೆಯೇ ಮನೆಯವರನ್ನು ವಾರ್ಡಿಗೆ ಬಿಡುತ್ತಿದ್ದರು. ಕಸ್ತೂರಿ ಉಂಡೇ ಹೋಗುತ್ತಿದ್ದಳು. ಟ್ರಾಲಿ ನೀಲವ್ವನ ಮೂಲೆಗೆ ಬರುವಷ್ಟರಲ್ಲಿ ಉಳಿದವರ ತಟ್ಟೆಗಳೂ ಖಾಲಿ. ಭಾನುವಾರ ಭಾಂಡಿ ತಿಕ್ಕುವ ಮೊದಲು ಗಂಡ ಹೆಂಡತಿ ಇದೇ ಮಂಚದ ಮುಂದೆ ಕೂತು ಉಂಡಿದ್ದರು. ಮನೆಗೆ ಬಂದಂದಿನಿಂದ ಇಬ್ಬರು ಹೆಂಗಸರು ಒಬ್ಬರಿಗಾಗಿ ಒಬ್ಬರು ಹಸಿದು ಕೂತಿದ್ದರು. ಒಬ್ಬಳದು ನರ್ಸಿನ ನಿಯಮ, ಇನ್ನೊಬ್ಬಳದು ಖಾನಾವಳಿಯ ನಿಯಮ.

"ಕಸ್ತೂರಿ? ಎಂತಾಯ್ತು? ಯಾಕೆ ಅಳ್ತಾ ಇದ್ದಿ?" ಸ್ಪೀಕರ್ ಗಾಬರಿಯಾಯಿತು.

"ಲೀನಾ, ತಡೀ. ನಾ ಉಣ್ಣಬೇಕು."

"ಈಗಲಾ?"

"ಈಗ!"

ರೊಟ್ಟಿ ಬುಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು ತಂದು ಅತ್ತೆಯ ಕಣ್ಣೆದುರೇ ನೆಲದ ಮೇಲೆ ಕೂತಳು. ಮೊದಲ ತುತ್ತು ಇಳಿಯಲಿಲ್ಲ, ಅಳು ಅಡ್ಡ ಬಂತು. ಎರಡನೆಯದು ಇಳಿಯಿತು. ಆಮೇಲೆ ಹಸಿವು ತನ್ನ ಕೆಲಸ ತಾನು ಮಾಡಿತು. ಒಂದು ರೊಟ್ಟಿ ಮುಗಿಸಿ, ತಡೆಯಲಾರದೆ ಎದ್ದು ಚಮಚ ಒಡ್ಡಿದಳು. ಹಳದಿ. ನೀಲವ್ವ ಎಡಗೈಯಿಂದ ರೊಟ್ಟಿ ಬುಟ್ಟಿಯನ್ನು ತೋರಿಸಿದಳು. ಒಂದು ರೊಟ್ಟಿ ತಿಂದು ಏಳುವವರನ್ನು ಆಕೆ ಖಾನಾವಳಿಯಲ್ಲಿ ಎಂದೂ ಏಳಗೊಟ್ಟಿರಲಿಲ್ಲ. ಕಸ್ತೂರಿ ಅಳುತ್ತ, ನಗುತ್ತ ಎರಡನೆಯ ರೊಟ್ಟಿ ಮುರಿದಳು. ತಟ್ಟೆಯಲ್ಲಿದ್ದ ಮೊಸರನ್ನು ಬೆರಳಿನಿಂದ ಬಳಿದುಕೊಂಡಳು. ಕೈ ತೊಳೆದು ಬಂದು ಚಮಚ ಎತ್ತಿದಳು.

ಹಸಿರು.

ನುಚ್ಚು ಬಾಯೊಳಗೆ ಹೋಯಿತು. ಗಂಟಲು ಮೇಲೆದ್ದು ಇಳಿಯಿತು. ಗುಳುಕ್.

"ಯೇಸು ಸ್ವಾಮೀ!" ಎಂದು ಸ್ಪೀಕರ್ ಕಿರುಚಿತು.

* * *

ಗುರುವಾರ ಎಲ್ಲ ಸಿದ್ಧವಾಗಿತ್ತು. ರಜೆ ಹಾಕಿದ್ದ ಕಸ್ತೂರಿ ಉಂಡಿದ್ದಳು. ಈರಣ್ಣನೂ ಉಂಡು ಬಾಗಿಲಿಗೆ ಒರಗಿ ನಿಂತಿದ್ದ. ಹಿಂದಿನ ದಿನದ ಸಂಗತಿಯನ್ನು ಕೇಳಿದ್ದ, ಆದರೆ ಕಣ್ಣಿಂದ ಕಂಡಿರಲಿಲ್ಲ. ನಂಬಿ ಆಮೇಲೆ ನಿರಾಸೆಯಾಗುವುದಕ್ಕಿಂತ ನಂಬದಿರುವುದೇ ವಾಸಿ ಎಂಬಂತೆ ಅವನ ಮುಖವಿತ್ತು. ಡಾಕ್ಟರ್ ಹಂಪಿಹೊಳಿ ಊರಾಚೆಯ ಶಿಬಿರ ಮುಗಿಸಿಕೊಂಡು ಬೆವರುತ್ತ ಬಂದು ಮಂಚದ ಪಕ್ಕದ ಕುರ್ಚಿಯಲ್ಲಿ ಕುಕ್ಕರಿಸಿದರು.

"ಲೀನಾ ಸಿಸ್ಟರ್ ರಿಪೋರ್ಟ್ ಓದೇನಿ," ಎಂದರು. "ಓದೂದು ಬ್ಯಾರೆ, ನೋಡೂದು ಬ್ಯಾರೆ. ತೋರಸ್ರಿ."

ಕಸ್ತೂರಿ ಚಮಚ ಎತ್ತಿದಳು. ಹಳದಿ.

ತುಸು ಕಾದು ಮತ್ತೆ ಎತ್ತಿದಳು. ಹಳದಿ.

"ಅತ್ತೀ, ನನ್ನ ಊಟ ಆಗೇತ್ರಿ," ಎಂದು ಅತ್ತೆಯ ಕಿವಿಯಲ್ಲಿ ಹೇಳಿದಳು. "ನಿಮ್ಮ ಮಗಂದೂ ಆಗೇತಿ. ನೋಡ್ರಿ ಬೇಕಾದ್ರ, ಮೀಸಿಗೆ ಇನ್ನೂ ಮಜ್ಜಿಗಿ ಹತ್ತೇತಿ." ಹಳದಿ. ಈರಣ್ಣ ಮುಖ ಆಚೆ ತಿರುಗಿಸಿಕೊಂಡ. "ಇನ್ನೂ ಹಳದಿಯೇ ಉಂಟು," ಎಂದಳು ಸ್ಪೀಕರಿನಲ್ಲಿ ಲೀನಾ. ಡಾಕ್ಟರು ಮೆಲ್ಲಗೆ ಎದ್ದರು. "ಇರಲಿ ಬಿಡವಾ. ಒಂದೊಂದ ಸಲ ಹಂಗ ಆಗ್ತೈತಿ. ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ. ಪಟ್ಟಿ ಬಿಚ್ಚೂಣು."

ಅವರು ಕೈ ಚಾಚಿದರು. ಆಗ ಕಸ್ತೂರಿ ಅತ್ತೆಯ ಕಣ್ಣು ಎಲ್ಲಿದೆ ಎಂದು ನೋಡಿದಳು. ಅದು ಚಮಚದ ಮೇಲೆ ಇರಲಿಲ್ಲ, ಸೊಸೆಯ ಮೇಲೂ ಇರಲಿಲ್ಲ. ಡಾಕ್ಟರ ಬಾಡಿದ ಮುಖವನ್ನೇ ಹಿಡಿದಿತ್ತು.

"ಸರ್," ಎಂದಳು ಕಸ್ತೂರಿ, "ನಿಮ್ಮ ಊಟ ಆಗೇತೇನ್ರಿ?"

"ನಂದೇನ್ ಬಿಡ್ರಿ. ಕ್ಯಾಂಪಿನ್ಯಾಗ ಟೈಮ್ ಎಲ್ಲಿರ್ತೈತಿ. ಮನಿಗೆ ಹೋಗಿ..."

"ಕೈ ತೊಳಕೋರಿ."

"ಅಲ್ಲವಾ..."

"ಸರ್, ಕೈ ತೊಳಕೋರಿ. ರೀ, ನೀರ ಕೊಡ್ರಿ ಅವರಿಗೆ."

ನರ್ಸೊಬ್ಬಳು ತಮಗೆ ಆಜ್ಞೆ ಮಾಡಿದ್ದು ಹಂಪಿಹೊಳಿಯವರಿಗೆ ಅದೇ ಮೊದಲಿರಬೇಕು. ಬೆಪ್ಪಾಗಿ ಕೈ ತೊಳೆದು ಬಂದು ಕೂತರು. ರೊಟ್ಟಿ, ಪಲ್ಯ, ಚಟ್ನಿ ತಟ್ಟೆಗೆ ಬಂದವು. ಸಂಕೋಚದಿಂದ ಮೊದಲ ತುತ್ತು ತಿಂದರು. ಎರಡನೆಯ ತುತ್ತಿಗೆ ಸಂಕೋಚ ಹೋಯಿತು. "ಚಟ್ನಿ ಭಾರಿ ಆಗೇತಿ," ಎಂದು ತಾವೇ ಬುಟ್ಟಿಗೆ ಕೈ ಹಾಕಿದರು. ನೀಲವ್ವ ದಿಂಬಿಗೆ ಒರಗಿಕೊಂಡು ಅವರು ತಿನ್ನುವುದನ್ನು ನೋಡುತ್ತಿದ್ದಳು. ಸೊಟ್ಟಗಾದ ಬಾಯಿಯ ಒಂದು ತುದಿ ಮೇಲಕ್ಕೆ ಎದ್ದಿತ್ತು. ಮೂರು ರೊಟ್ಟಿ ಮುಗಿಸಿ, ಮಜ್ಜಿಗೆ ಕುಡಿದು, ಡಾಕ್ಟರು ದೊಡ್ಡದಾಗಿ ತೇಗಿದರು.

ಕಸ್ತೂರಿ ಚಮಚ ತುಂಬಿದಳು. ಆದರೆ ತಾನು ಒಡ್ಡಲಿಲ್ಲ, ಗಂಡನ ಕೈಗೆ ಕೊಟ್ಟಳು.

"ನಾ ಒಲ್ಲೆ. ನನ್ನ ಕೈ..." ಎಂದ ಈರಣ್ಣ.

"ನಡಗಲಿ. ದೀಪ ನೋಡಿ ಕೊಡ್ರಿ."

ಚಮಚ ನಡುಗುತ್ತ ಅವ್ವನ ತುಟಿಯ ಹತ್ತಿರ ಹೋಯಿತು. ಹಸಿರು ಎಂದರೆ ಎಂಥ ಹಸಿರು, ಮುಂಗಾರಿನ ಹೊಲದ ಹಸಿರು. ನೀಲವ್ವ ಬಾಯಿ ತೆರೆದಳು. ಗುಳುಕ್. ಇನ್ನೊಂದು. ಗುಳುಕ್. ಅರ್ಧ ಬಟ್ಟಲಾಗುವ ಹೊತ್ತಿಗೆ ಈರಣ್ಣನ ಕೈ ನಿಂತಿತ್ತು. ಆದರೆ ಕಣ್ಣು ನಿಲ್ಲಲಿಲ್ಲ. "ಅವ್ವ ಅನ್ನ ಬಿಟ್ಟಿಲ್ಲ," ಎಂದ. "ಕಸ್ತೂರಿ, ಅವ್ವ ಅನ್ನ ಬಿಟ್ಟಿಲ್ಲ." ಅವನು ಅದನ್ನು ಯಾರಿಗೆ ಹೇಳುತ್ತಿದ್ದಾನೆ ಎಂದು ಅವನಿಗೇ ತಿಳಿದಿರಲಿಲ್ಲ.

ಡಾಕ್ಟರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡು ಒರೆಸಿದ್ದು ಸಾಲದೆ ಮತ್ತೆ ತೆಗೆದರು. ಸ್ಪೀಕರಿನ ಕಡೆ ತಿರುಗಿ, "ಸಿಸ್ಟರ್, ಬರಕೋರಿ," ಎಂದರು. "ಹೊಟ್ಟಿ ನಳಿಗಿ ಬ್ಯಾಡ. ಪಟ್ಟಿ ಇಲ್ಲೇ ಇರಲಿ. ಸೊಂಟಕ್ಕ ಒತ್ತು ಬೀಳದಂಗ ಹಾಸಿಗಿ ಹೊಂದಸ್ರಿ. ಇವತ್ತಿನಿಂದ ಬಾಯಿಲೇ ಪೂರ್ತಿ ಊಟ."

"ಆಯ್ತು ಡಾಕ್ಟ್ರೇ. ಕಾರಣ ಎಂತ ಬರೆಯುದು? ಮೆಷಿನ್ ಕಾರಣ ಇಲ್ಲದೆ ತಗೊಳ್ಳುದಿಲ್ಲ."

ಹಂಪಿಹೊಳಿ ಯೋಚಿಸಿದರು. ಅವರು ಓದಿದ ಯಾವ ಪುಸ್ತಕದಲ್ಲೂ ಇದಕ್ಕೆ ಹೆಸರಿರಲಿಲ್ಲ. "ಹಿಂಗ ಬರೀರಿ. ರೋಗಿಗೆ ಉಣಿಸೂ ಮೊದಲ ಆ ಮನಿಯಾಗ ಯಾರೂ ಹಸದು ಇರಬಾರದು. ನಮ್ಮ ಎಲ್ಲಾ ಮನಿಗೂ ಈ ಮಾತು ಹೇಳ್ರಿ. ಇನ್ನ ಎಷ್ಟ ಮಂದಿ ನೀಲವ್ವಗೋಳು ಹಿಂಗ ಹಳದಿ ದೀಪ ಹಚ್ಚಿಕೊಂಡು ಕುಂತಾರೋ ಏನೋ."

"ಬರೆದೆ," ಎಂದಳು ಲೀನಾ.  ಆಮೇಲೆ ನಕ್ಕಳು. "ಇನ್ನು ನಾನೂ ಹೋಗ್ತೇನೆ ಡಾಕ್ಟ್ರೇ. ಇವರ ದೀಪ ನೋಡ್ತಾ ನೋಡ್ತಾ ಬೆಳಿಗ್ಗೆಯಿಂದ ನನ್ನ ಹೊಟ್ಟೆಗೆ ಒಂದು ಬಿಸ್ಕಿಟ್ ಕೂಡ ಹೋಗ್ಲಿಲ್ಲ."

ಈರಣ್ಣನ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು. ಪಟ್ಟಿಯ ಮೇಲೆ ದೀಪ ಹಳದಿಗೆ ತಿರುಗಿತ್ತು. ನೀಲವ್ವ ಬಾಯಿ ಮುಚ್ಚಿಕೊಂಡು, ಗೋಡೆಯ ಸ್ಪೀಕರನ್ನು ಸಿಟ್ಟಿನಿಂದ ನೋಡುತ್ತಿದ್ದಳು.

"ಬಂತ್, ಬಂತ್!" ಎಂದಳು.

ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಸ್ತೂರಿ ಗೋಡೆಯ ಹತ್ತಿರ ಓಡಿಹೋಗಿ, ಸ್ಪೀಕರಿಗೆ ಬಾಯಿ ಹಚ್ಚಿ ಕೂಗಿದಳು:

"ಲೀನಾ, ನಿನ್ನ ಕೈ ಮುಗೀತೀನಿ, ಎದ್ದು ಕ್ಯಾಂಟೀನಿಗೆ ಹೋಗ! ನೀ ಉಂಡು ಬರೂತನಾ ನಮ್ಮ ಅತ್ತಿ ಬಾಯಿ ತಗಿಯಂಗಿಲ್ಲಂತ!"